ಸಂತೆಗೆ ಬಂದ ರಾಣಿ ರೂಪಾಯಿ

ಉತ್ತರ ಕೊಡಗಿನ ಶನಿವಾರಸಂತೆ ಕಡೆಗೆ ಬ್ರಿಟಿಷರ ದುಡ್ಡಿಗಿಂತ ಮೊದಲು ಬ್ರಿಟಿಷರ ದಂಡು ಬಂತು. 1834ರ ಏಪ್ರಿಲ್ ಮೊದಲ ವಾರದಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಪಡೆಗಳು ಬೇರೆ ಬೇರೆ ದಿಕ್ಕಿನಿಂದ ಕೊಡಗಿನೊಳಗೆ ನುಗ್ಗಿದವು. ಪೂರ್ವದಿಂದ ಕರ್ನಲ್ ಲಿಂಡ್ಸೆ, ಪಶ್ಚಿಮದ ಘಟ್ಟ ಹತ್ತಿ ಕರ್ನಲ್ ಫೌಲಿಸ್, ಉತ್ತರದ ಏಳುಸಾವಿರ ಸೀಮೆಯ ಕಡೆಯಿಂದ ಕರ್ನಲ್ ವಾ. ಉತ್ತರದವರಿಗೆ ದಾರಿ ಸಲೀಸಾಗಲಿಲ್ಲ. ಏಪ್ರಿಲ್ 3ರಂದು ಬಕ್ಕ ಎಂಬಲ್ಲಿ ಕೊಡಗಿನವರು ಕಟ್ಟಿ ನಿಂತಿದ್ದ ತಡೆಗೋಟೆಯ ಎದುರು ಕರ್ನಲ್ ಮಿಲ್ ಸತ್ತುಬಿದ್ದ, ಪಡೆ ಪೆಟ್ಟು ತಿಂದು ಹಿಂದೆ ಸರಿಯಿತು. ಪೂರ್ವದ ಪಡೆ ಮುಂದೆ ಸಾಗುತ್ತಲೇ ಇತ್ತು. ಏಪ್ರಿಲ್ 6ರಂದು ಮಡಿಕೇರಿ ಕೋಟೆಯ ಮೇಲೆ ಬ್ರಿಟಿಷ್ ಬಾವುಟ ಏರಿತು. ಕೊಡಗಿನ ಅರಸ ಚಿಕ್ಕವೀರರಾಜೇಂದ್ರ ಶರಣಾದ. ಮೇ 7ರಂದು ಕರ್ನಲ್ ಫ್ರೇಸರ್ ಹೊರಡಿಸಿದ ಘೋಷಣೆಯೊಂದಿಗೆ ಹಾಲೇರಿ ಅರಸರ ಕೊಡಗು ಕುಂಪಣಿ ಸರ್ಕಾರದ ಕೊಡಗಾಯಿತು.

ದಂಡಿನ ಬೆನ್ನಿಗೇ ರೂಪಾಯಿ ಬಂತು. ಅದು ಮುಂದಿನ ನೂರಿಪ್ಪತ್ತು ವರ್ಷ ಇಲ್ಲೇ ಉಳಿಯಿತು. ಕಂದಾಯವಾಗಿ ಕಚೇರಿಗೆ ಹೋಯಿತು, ಕೂಲಿಯಾಗಿ ತೋಟದಿಂದ ಸಂತೆಗೆ ಬಂತು, ತಕ್ಕಡಿಯಲ್ಲಿ ತೂಕದ ಬಟ್ಟಾಯಿತು, ಹೆಣ್ಣುಮಕ್ಕಳ ಕೊರಳಿಗೇರಿತು, ದೇವರ ಮುಡಿಪಿನ ಗಂಟಿನಲ್ಲಿ ಕೂತಿತು. ಇವತ್ತು ನಾಣ್ಯ ಸಂಗ್ರಾಹಕರು ವಿಕ್ಟೋರಿಯಾ, ಎಡ್ವರ್ಡ್, ಜಾರ್ಜರ ನಾಣ್ಯಗಳನ್ನು ಕೈಗೆತ್ತಿಕೊಂಡರೆ ಮೊದಲು ನೋಡುವುದು ಅದು ಎಷ್ಟು ಹೊಸದಾಗಿ ಉಳಿದಿದೆ ಎಂದು. ಬೆಸುಗೆಯ ಕಲೆ ಇದ್ದರೆ, ತೂತು ಬಿದ್ದಿದ್ದರೆ, ಮುಖ ಸವೆದಿದ್ದರೆ ಬೆಲೆ ಅರ್ಧಕ್ಕರ್ಧ ಇಳಿಯುತ್ತದೆ. ಉತ್ತರ ಕೊಡಗಿನ ಮಟ್ಟಿಗೆ ಈ ಅಳತೆಗೋಲನ್ನು ತಿರುಗಿಸಿ ಹಿಡಿಯಬೇಕು. ಇಲ್ಲಿ ಹಾಳಾದ ನಾಣ್ಯದಲ್ಲೇ ಚರಿತ್ರೆ ಹೆಚ್ಚು ಉಳಿದಿದೆ.

ಕಂಠೀರಾಯಿ ಲೆಕ್ಕದ ನಾಡು

ಕಂಪನಿ ಬರುವ ಮೊದಲು ಕೊಡಗಿನಲ್ಲಿ ಓಡಾಡುತ್ತಿದ್ದದ್ದು ನೆರೆಹೊರೆಯ ನಾಣ್ಯಗಳು. ಮಲೆಯಾಳ ಕಡೆಯ ವೀರರಾಯಿ ಹಣ, ಮೈಸೂರಿನ ಕಂಠೀರಾಯಿ ಹಣ, ಹೈದರನ ಬಹದ್ದೂರಿ ಹೊನ್ನು. ಲೆಕ್ಕಪತ್ರದಲ್ಲಿ ಮಾತ್ರ ಕಂಠೀರಾಯಿಯದೇ ಮೇಲುಗೈ. ಕಂಠೀರವ ನರಸರಾಜ ಒಡೆಯರು (1638–1659) ಹೊರಡಿಸಿದ ಈ ಚಿನ್ನದ ಹಣ ತೊಗರಿಬೇಳೆಗಿಂತ ದೊಡ್ಡದಲ್ಲ. ಅಷ್ಟರಲ್ಲೇ ಒಂದು ಬದಿಯಲ್ಲಿ ಯೋಗಪಟ್ಟ ಕಟ್ಟಿ ಕೂತ ನರಸಿಂಹನಿದ್ದಾನೆ. ಇಂಥ ಹತ್ತು ಹಣ ಸೇರಿದರೆ ಒಂದು ಕಂಠೀರಾಯಿ ವರಹ. ತಮಾಷೆಯೆಂದರೆ ಆ ವರಹ ನಾಣ್ಯವಾಗಿ ಇರಲೇ ಇಲ್ಲ, ಅದಿದ್ದದ್ದು ಶ್ಯಾನುಭೋಗರ ಕಡತದಲ್ಲಿ. ಬ್ರಿಟಿಷರ ಲೆಕ್ಕಕ್ಕೆ ಇಳಿಸಿದಾಗ ಅದು ಮೂರು ರೂಪಾಯಿಗೆ ತುಸು ಕಡಿಮೆ ಆಗುತ್ತಿತ್ತು.

ಹಲವು ನಾಣ್ಯ ಓಡಾಡುವ ಕಡೆ ಚಿನಿವಾರನಿಗೆ ಸುಗ್ಗಿ. ಯಾವ ಹಣಕ್ಕೆ ಎಷ್ಟು ವಟ್ಟ ಎಂದು ಹೇಳುವವನು ಅವನೇ. ಈ ಗೋಜಲನ್ನು ಬಿಡಿಸಲು ಕಂಪನಿ 1835ರಲ್ಲಿ ನಾಣ್ಯ ಕಾಯ್ದೆ ತಂದಿತು. ಬಂಗಾಳ, ಮುಂಬೈ, ಮದರಾಸು ಪ್ರಾಂತ್ಯಗಳ ಬೇರೆ ಬೇರೆ ರೂಪಾಯಿಗಳು ಹೋಗಿ ಎಲ್ಲ ಕಡೆಗೂ ಒಂದೇ ರೂಪಾಯಿ ಬಂತು. ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಅಪ್ಪಟ ಬೆಳ್ಳಿ. ಮೊಗಲ್ ಬಾದಶಹನ ಹೆಸರು ಹೋಗಿ ನಾಲ್ಕನೇ ವಿಲಿಯಂನ ಮುಖ ಕೂತಿತು. ಕೊಡಗು ಕಂಪನಿಯ ಕೈಗೆ ಬಿದ್ದು ಆಗ ಒಂದು ವರ್ಷ ಕಳೆದಿತ್ತಷ್ಟೆ.

ನಗದು ಕೇಳಿದ ಕಂಪನಿ, ದಂಗೆ ಎದ್ದ ರೈತ

1834ರಲ್ಲಿ ಕಂಪನಿ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಗಡಿ ಕತ್ತರಿಸಿದ್ದು. ಕೊಡಗಿನ ಅರಸರ ಕೈಯಲ್ಲಿದ್ದ ಘಟ್ಟದ ಕೆಳಗಿನ ಅಮರಸುಳ್ಯ, ಪುತ್ತೂರು, ಬೆಳ್ಳಾರೆ ಸೀಮೆಗಳನ್ನು ಆಗಿನ ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯ ರೈತರು ಅರಸರ ಕಾಲದಲ್ಲಿ ಕಂದಾಯವನ್ನು ಬೆಳೆಯ ರೂಪದಲ್ಲೇ ಸಲ್ಲಿಸುತ್ತಿದ್ದರು. ಕಂಪನಿ ನಗದು ಕೇಳಿತು. ಭತ್ತ ಬೆಳೆದವನ ಕೈಯಲ್ಲಿ ನಾಣ್ಯ ಎಲ್ಲಿಂದ ಬರಬೇಕು? ಕಂತಿನ ಹೊತ್ತಿಗೆ ಎಲ್ಲರೂ ಒಟ್ಟಿಗೆ ಮಾರಲು ಹೊರಟರೆ ಭತ್ತದ ಬೆಲೆ ಬೀಳುತ್ತದೆ, ಕೊಂಡು ಸಾಲ ಕೊಡುವ ಸಾಹುಕಾರನ ಬಡ್ಡಿ ಏರುತ್ತದೆ. ಅರಸೊತ್ತಿಗೆ ಹೋದ ಸಂಕಟದ ಜೊತೆಗೆ ಈ ನಗದಿನ ಸಂಕಟವೂ ಸೇರಿ 1837ರ ದಂಗೆಗೆ ಕಿಚ್ಚು ಹಚ್ಚಿತು.

ಆ ದಂಗೆಯ ಮುಂಚೂಣಿಯಲ್ಲಿ ಕಲ್ಯಾಣಸ್ವಾಮಿ ಎಂಬ ಹೆಸರಿನಲ್ಲಿ ನಿಂತವನು ಶನಿವಾರಸಂತೆ ಸೀಮೆಯ ಪುಟ್ಟಬಸಪ್ಪ. ಹಾಲೇರಿ ವಂಶದ ರಾಜಕುಮಾರನೇ ಮರಳಿ ಬಂದಿದ್ದಾನೆಂದು ಜನ ನಂಬುವಂತೆ ಅವನಿಗೆ ಆ ಹೆಸರು ಕೊಟ್ಟಿದ್ದರು. ಕೆದಂಬಾಡಿ ರಾಮಯ್ಯಗೌಡ, ಗುಡ್ಡೆಮನೆ ಅಪ್ಪಯ್ಯಗೌಡ, ಹುಲಿಕುಂದ ನಂಜಯ್ಯನಂಥವರು ಜೊತೆಗಿದ್ದರು. ದಂಗೆಕೋರರು ಮೊದಲು ಬಿದ್ದದ್ದು ಬೆಳ್ಳಾರೆಯ ಖಜಾನೆಯ ಮೇಲೆ. ಯಾವ ನಾಣ್ಯಕ್ಕಾಗಿ ರೈತನ ಕುತ್ತಿಗೆ ಹಿಚುಕಿದ್ದರೋ ಆ ನಾಣ್ಯ ಇಟ್ಟಿದ್ದ ಕೋಣೆಯನ್ನೇ ಮೊದಲು ಹಿಡಿದರು. ಏಪ್ರಿಲ್ 5ರಂದು ಮಂಗಳೂರು ಕೈವಶವಾಯಿತು. ಬಾವುಟಗುಡ್ಡದ ಮೇಲೆ ಅವರ ಬಾವುಟ 13 ದಿನ ಹಾರಿತು. ಆಮೇಲೆ ಕಣ್ಣೂರಿನಿಂದ, ಮುಂಬೈಯಿಂದ ಪಡೆ ಬಂತು. ಕಲ್ಯಾಣಸ್ವಾಮಿಯನ್ನು ಮಂಗಳೂರಿನಲ್ಲಿ ಗಲ್ಲಿಗೇರಿಸಿದರು. ಅಪ್ಪಯ್ಯಗೌಡರನ್ನು ಅಕ್ಟೋಬರ್ 31ರಂದು ಮಡಿಕೇರಿಯಲ್ಲಿ ನೇಣಿಗೆ ಹಾಕಿದರು.

ಕೊಡಗಿನೊಳಗೆ ದಂಗೆಯನ್ನು ತಡೆಯಲು ಕಂಪನಿಯ ಪರ ನಿಂತವರಿಗೆ ಬಹುಮಾನ ಬಂತು: ಚಿನ್ನದ ಮತ್ತು ಬೆಳ್ಳಿಯ ಪದಕಗಳು. ಕೊಡಗಿನ ಪದಕ ಎಂದು ಜಗತ್ತಿನ ಸಂಗ್ರಾಹಕರು ಇವತ್ತಿಗೂ ಹುಡುಕುವ ವಸ್ತು ಇದು. ಒಂದು ಮುಖದಲ್ಲಿ ಆಯುಧ ಹಿಡಿದು ನಿಂತ ಕೊಡಗಿನ ಯೋಧ, ಇನ್ನೊಂದರಲ್ಲಿ ಮಾಲೆಯ ನಡುವೆ ಕೊಡಗಿನ ಕತ್ತಿ ಮತ್ತು ಪಟ್ಟಿ. ಬ್ರಿಟಿಷ್ ಸರ್ಕಾರದ ಬಗೆಗಿನ ನಿಷ್ಠೆಗಾಗಿ, ಕೊಡಗು, ಏಪ್ರಿಲ್ 1837 ಎಂದು ಇಂಗ್ಲಿಷಿನಲ್ಲಿದೆ. ಜೊತೆಗೆ ಕನ್ನಡದ ಸಾಲೂ ಇದೆ. ಇದನ್ನು ಗಮನಿಸಬೇಕು, ಯಾಕೆಂದರೆ ಆಮೇಲೆ ಸಂತೆಯಲ್ಲಿ ಓಡಾಡಿದ ರೂಪಾಯಿಯಲ್ಲಿ ಕನ್ನಡ ಬರಲಿಲ್ಲ. 1907ರಲ್ಲಿ ನಿಕ್ಕಲಿನ ಒಂದಾಣೆ ಬಂದಾಗಲೂ ಅದರ ಮೇಲೆ ಇಂಗ್ಲಿಷಿನ ಜೊತೆ ಪರ್ಷಿಯನ್, ನಾಗರಿ, ಬಂಗಾಳಿ, ತೆಲುಗು ಲಿಪಿಗಳಿದ್ದವು. ಕನ್ನಡಿಗರ ನಿಷ್ಠೆಗೆ ಕೊಟ್ಟ ಪದಕದಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿತು, ಕನ್ನಡಿಗರು ದಿನಾ ಮುಟ್ಟುವ ಆಣೆಯಲ್ಲಿ ಸಿಗಲಿಲ್ಲ.

ಕನ್ನಡ ನಾಡಿನ ಯುದ್ಧಕ್ಕೆ ಬ್ರಿಟಿಷರು ಪದಕ ಹೊಡೆಸಿದ್ದು ಇದೇ ಮೊದಲಲ್ಲ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ನೆನಪಿಗೆ ಬರ್ಮಿಂಗ್‌ಹ್ಯಾಮಿನ ಮ್ಯಾಥ್ಯೂ ಬೋಲ್ಟನ್‌ನ ಸೋಹೋ ಟಂಕಸಾಲೆಯಲ್ಲಿ ಪದಕ ತಯಾರಾಗಿತ್ತು. ಕ್ಯೂಖ್ಲರ್ ಎಂಬ ಕಲಾವಿದನ ಕೆತ್ತನೆ. ಒಂದು ಬದಿಯಲ್ಲಿ ಹುಲಿಯನ್ನು ನೆಲಕ್ಕೊತ್ತಿದ ಬ್ರಿಟಿಷ್ ಸಿಂಹ. ಇನ್ನೊಂದು ಬದಿಯಲ್ಲಿ ಕೋಟೆಯ ಬಿರುಕಿಗೆ ನುಗ್ಗುತ್ತಿರುವ ಸೈನಿಕರು, ತಲೆಯ ಮೇಲೆ ನಡುಹಗಲಿನ ಸೂರ್ಯ. ದರ್ಜೆ ನೋಡಿ ಚಿನ್ನ, ಬೆಳ್ಳಿ, ಕಂಚು, ತವರ. ಆ ಯುದ್ಧದಲ್ಲಿ ಕೊಡಗಿನ ದೊಡ್ಡವೀರರಾಜೇಂದ್ರ ಬ್ರಿಟಿಷರ ಕಡೆ ಇದ್ದ. ಗೆಲುವಿನ ಮೇಲೆ ಅವನ ಕಪ್ಪವನ್ನು ಮನ್ನಾ ಮಾಡಿ, ಸ್ನೇಹದ ಗುರುತಿಗೆ ವರ್ಷಕ್ಕೊಂದು ಆನೆ ಸಾಕು ಎಂದಿದ್ದರು. ಮೂವತ್ತೈದು ವರ್ಷದಲ್ಲಿ ಆನೆ ಕೊಡುವ ಮಿತ್ರನ ರಾಜ್ಯ ಕಂದಾಯ ಕೊಡುವ ಜಿಲ್ಲೆಯಾಯಿತು.

ವಯಸ್ಸಾಗದ ರಾಣಿ

1840ರಲ್ಲಿ ವಿಕ್ಟೋರಿಯಾ ರೂಪಾಯಿ ಬಂತು. ಇಸವಿ 1840 ಎಂದೇ ಇಟ್ಟುಕೊಂಡು ಎರಡು ಬಗೆ ಹೊಡೆದರು. ಒಂದರಲ್ಲಿ ರಾಣಿಯ ಹೆಸರು ತಲೆಯ ಸುತ್ತ ಒಂದೇ ಸಾಲಾಗಿ ಹರಿಯುತ್ತದೆ, ಇನ್ನೊಂದರಲ್ಲಿ ಎಡಬಲಕ್ಕೆ ಒಡೆದು ನಿಲ್ಲುತ್ತದೆ. ಕಂಪನಿಯ ಕೈಯಿಂದ ಆಡಳಿತ ರಾಣಿಯ ಕೈಗೆ ಹೋದ ಮೇಲೆ 1862ರಲ್ಲಿ ಕಿರೀಟ ಹೊತ್ತ ವಿಕ್ಟೋರಿಯಾ ಬಂದಳು. ಆ ರೂಪಾಯಿಯ ಮೇಲೂ ಇಸವಿ 1874ರವರೆಗೆ 1862 ಎಂದೇ ಉಳಿಯಿತು. ನಡುವಿನ ವರ್ಷಗಳನ್ನು ಗುರುತಿಸಲು ಸಂಗ್ರಾಹಕರು ಭೂತಗನ್ನಡಿ ಹಿಡಿದು ಸಣ್ಣ ಸಣ್ಣ ಚುಕ್ಕೆಗಳನ್ನು ಎಣಿಸುತ್ತಾರೆ. 1877ರಿಂದ ಬಿರುದು ರಾಣಿ ಎಂಬುದರಿಂದ ಚಕ್ರವರ್ತಿನಿ ಎಂದಾಯಿತು. ಮುಖ ಮಾತ್ರ ಬದಲಾಗಲಿಲ್ಲ.

ಇಂಗ್ಲೆಂಡಿನ ನಾಣ್ಯಗಳಲ್ಲಿ ರಾಣಿಗೆ ವಯಸ್ಸಾಗುತ್ತಾ ಹೋಯಿತು. ಮೊದಲು ರಿಬ್ಬನ್ ಕಟ್ಟಿದ ಎಳೆಯ ತಲೆ, 1887ರ ಸುವರ್ಣ ಮಹೋತ್ಸವಕ್ಕೆ ಪುಟ್ಟ ಕಿರೀಟದ ಮುಖ, 1893ರಿಂದ ಸೆರಗು ಹೊದ್ದ ಮುದುಕಿ. ನಮ್ಮ ಬೆಳ್ಳಿ ರೂಪಾಯಿಯಲ್ಲಿ ಆಕೆ 1901ರವರೆಗೂ 1862ರ ಪ್ರಾಯದಲ್ಲೇ ಇದ್ದಳು. ಹೀಗಾಗಿ 1900ನೇ ಇಸವಿಯ ಒಂದು ಬೆಳ್ಳಿ ರೂಪಾಯಿ ಮತ್ತು ಒಂದು ಚಿನ್ನದ ಪವನನ್ನು ಅಕ್ಕಪಕ್ಕ ಇಟ್ಟರೆ ಒಬ್ಬಳೇ ರಾಣಿ ಮಗಳೂ ತಾಯಿಯೂ ಆಗಿ ಕಾಣುತ್ತಾಳೆ.

ಈ ರಾಣಿಗೂ ಕೊಡಗಿಗೂ ನಂಟು ಬೆಳೆದದ್ದು ಲಂಡನ್ನಿನಲ್ಲಿ. ಪದಚ್ಯುತನಾಗಿ ಕಾಶಿಗೆ ಹೋದ ಚಿಕ್ಕವೀರರಾಜೇಂದ್ರ 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹಡಗು ಹತ್ತಿದ. ತನ್ನ ಮನೆತನ ಕಂಪನಿಯಲ್ಲಿ ಹೂಡಿದ್ದ ಹಣಕ್ಕಾಗಿ ಅಲ್ಲಿಯ ನ್ಯಾಯಾಲಯದಲ್ಲಿ ವ್ಯಾಜ್ಯ ಹೂಡಿದ. ಗೌರಮ್ಮ ಅದೇ ವರ್ಷ ಕ್ರೈಸ್ತ ದೀಕ್ಷೆ ಪಡೆದಳು. ವಿಕ್ಟೋರಿಯಾಳೇ ಧರ್ಮಮಾತೆಯಾಗಿ ನಿಂತು ತನ್ನ ಹೆಸರನ್ನು ಅವಳಿಗೆ ಸೇರಿಸಿದಳು. ಕೊಡಗಿನ ಖಜಾನೆಯಲ್ಲಿ ಯಾರ ಮುಖದ ರೂಪಾಯಿ ತುಂಬುತ್ತಿತ್ತೋ ಆಕೆಯ ಎದುರಲ್ಲೇ ಹಾಲೇರಿಯ ರಾಜಕುವರಿ ವಿಕ್ಟೋರಿಯಾ ಗೌರಮ್ಮನಾದಳು. ರಾಜ 1859ರಲ್ಲಿ, ಮಗಳು 1864ರಲ್ಲಿ ತೀರಿಕೊಂಡರು. ಹಣದ ವ್ಯಾಜ್ಯ ರಾಜನ ಕೈಗೆ ಏನನ್ನೂ ತಂದುಕೊಡಲಿಲ್ಲ.

ಸಂತೆಯ ದಿನ

ಉತ್ತರ ಕೊಡಗಿನ ಊರುಗಳು ವಾರದ ದಿನಗಳನ್ನೇ ಹೆಸರಾಗಿ ಇಟ್ಟುಕೊಂಡಿವೆ. ಸೋಮವಾರದ ಪೇಟೆ ಒಂದು, ಶನಿವಾರದ ಸಂತೆ ಇನ್ನೊಂದು. ಈ ಕಡೆ ಮಲೆನಾಡಿನ ಏಲಕ್ಕಿ, ಕಾಫಿ, ಕಿತ್ತಳೆ, ಆ ಕಡೆ ಹಾಸನ, ಅರಕಲಗೂಡು ಸೀಮೆಯ ರಾಗಿ, ಹುರುಳಿ, ಮೆಣಸಿನಕಾಯಿ, ದನಕರು. ಎರಡು ಸೀಮೆಗಳು ಕೂಡುವ ಜಾಗದಲ್ಲಿ ಶನಿವಾರಸಂತೆ. ಗಡಿಯಾಚೆ ಮೈಸೂರು ಸಂಸ್ಥಾನ. ಆದರೆ ದುಡ್ಡಿಗೆ ಗಡಿ ಇರಲಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಮಯಿಲಿ ಕಾಸು ಎಂದು ಕನ್ನಡದಲ್ಲೇ ಬರೆದು ತಾಮ್ರದ ನಾಣ್ಯ ಹೊಡೆಯುತ್ತಿದ್ದ ಮೈಸೂರಿನ ಟಂಕಸಾಲೆ 1843ರಲ್ಲಿ ಮುಚ್ಚಿತ್ತು. ಅಲ್ಲಿಂದ ಮುಂದೆ ಎರಡೂ ಕಡೆ ಬ್ರಿಟಿಷ್ ರೂಪಾಯಿಯೇ.

ರೂಪಾಯಿಯ ತೂಕವೇ ಒಂದು ತೊಲ. ಹಾಗಾಗಿ ನಾಣ್ಯವೇ ಬಟ್ಟು. ಹಳೇ ಮೈಸೂರು ಸೀಮೆಯ ಕಚ್ಚಾ ಸೇರೆಂದರೆ 24 ರೂಪಾಯಿ ತೂಕ. ತಕ್ಕಡಿಯ ಒಂದು ತಟ್ಟೆಯಲ್ಲಿ ಬೆಲ್ಲ, ಇನ್ನೊಂದರಲ್ಲಿ ರೂಪಾಯಿಗಳು. ಅಕ್ಕಸಾಲಿಗನಿಗಂತೂ ಬೆಳ್ಳಿ ತೂಗಲು ಇದಕ್ಕಿಂತ ನೆಚ್ಚಿನ ಬಟ್ಟು ಇನ್ನೊಂದಿರಲಿಲ್ಲ. ತೂಕದ ಬಟ್ಟಾಗಿ ಸವೆಯದಂತೆ ಎತ್ತಿಟ್ಟ ರೂಪಾಯಿ ಒಂದು ಬಗೆ, ಕೈಯಿಂದ ಕೈಗೆ ಹೋಗಿ ರಾಣಿಯ ಕೆನ್ನೆ ನುಣ್ಣಗಾದ ಸವಕಲು ರೂಪಾಯಿ ಇನ್ನೊಂದು ಬಗೆ. ಸವಕಲನ್ನು ವ್ಯಾಪಾರಿ ಮೊದಲು ಅಂಚಿನ ಗೀರು ಸವರಿ ನೋಡುತ್ತಿದ್ದ, ಆಮೇಲೆ ಕಲ್ಲಿನ ಮೇಲೆ ಚಿಮ್ಮಿ ದನಿ ಕೇಳುತ್ತಿದ್ದ. ಅಪ್ಪಟ ಬೆಳ್ಳಿಯ ದನಿ ಉದ್ದಕ್ಕೆ ಎಳೆಯುತ್ತದೆ, ಸೀಸ ಬೆರೆತದ್ದು ತಟ್ಟನೆ ಸಾಯುತ್ತದೆ. ಆಗಾಗ್ಗೆ ಇಂಥ ಕಲ್ಲೇಟು ತಿಂದ ಸಣ್ಣ ಗುಳಿಗಳು ಹಳೆಯ ರೂಪಾಯಿಗಳ ಅಂಚಿನಲ್ಲಿ ಕಾಣುತ್ತವೆ. ಬೆಲೆ ಕಟ್ಟುವವನಿಗೆ ಅದು ಕಲೆ, ಸಂತೆಯ ಕಥೆ ಬೇಕಾದವನಿಗೆ ಅದೇ ಸಾಕ್ಷಿ.

ರೂಪಾಯಿ ಬಡವನ ಕೈಗೆ ಇಡಿಯಾಗಿ ಬರುತ್ತಿದ್ದದ್ದು ಅಪರೂಪ. 16 ಆಣೆಗೆ ಒಂದು ರೂಪಾಯಿ, 12 ಪೈಗೆ ಒಂದು ಆಣೆ, ನಾಲ್ಕಾಣೆಗೆ ಒಂದು ಪಾವಲಿ. 1854ರಲ್ಲಿ ಫೌಲರ್ ಎಂಬ ಇಂಗ್ಲಿಷಿನವನು ಮಡಿಕೇರಿ ಬಳಿ ಮೊದಲ ಯುರೋಪಿಯನ್ ಕಾಫಿ ತೋಟ ತೆರೆದ ಮೇಲೆ ಕೂಲಿಯೂ ನಾಣ್ಯವಾಯಿತು. ಮೈಸೂರು ಸೀಮೆಯಿಂದ, ಘಟ್ಟದ ಕೆಳಗಿಂದ ಮೇಸ್ತ್ರಿಗಳು ಮುಂಗಡ ಕೊಟ್ಟು ಆಳು ತಂದರು. ವಾರದ ಬಟವಾಡೆ ಕೈಗೆ ಬಿದ್ದರೆ ಮುಂದಿನ ದಾರಿ ಸಂತೆಗೆ. ಜಮೀನುದಾರನ ಲೆಕ್ಕ ಬೇರೆ: ವಂಶಪಾರಂಪರ್ಯದ ಜಮ್ಮಾ ಭೂಮಿಗೆ ನೂರು ಬಟ್ಟಿ ವಿಸ್ತೀರ್ಣಕ್ಕೆ 5 ರೂಪಾಯಿ ಕಂದಾಯ, ಸಾಗು ಭೂಮಿಗೆ 10. ಬೆಳೆ ಏನೇ ಆಗಲಿ, ಕಂತಿನ ದಿನ ಆ ರೂಪಾಯಿ ಬೇಕು. ಕಾಂಡಕೊರಕ, ಎಲೆರೋಗ ಬಂದು ಕಾಫಿ ಕೈಕೊಟ್ಟ ವರ್ಷಗಳಲ್ಲೂ ಬೇಕು. ಅಂಥ ದಿನಕ್ಕೆಂದು ಮನೆಯಲ್ಲಿ ಕೂಡಿಟ್ಟದ್ದು ಎರಡು ಬಗೆ: ಪೆಟ್ಟಿಗೆಯಲ್ಲಿ ಬೆಳ್ಳಿ ರೂಪಾಯಿ, ಕೊರಳಲ್ಲಿ ಚಿನ್ನದ ಪವನು.

ಪವನಿನ ಮೇಲೆ ಹೆಡೆ

1893ರಲ್ಲಿ ಸರ್ಕಾರ ಬೆಳ್ಳಿ ತಂದವರಿಗೆಲ್ಲ ರೂಪಾಯಿ ಹೊಡೆದುಕೊಡುವ ಪದ್ಧತಿಯನ್ನು ನಿಲ್ಲಿಸಿತು. 1899ರಲ್ಲಿ ಇಂಗ್ಲೆಂಡಿನ ಚಿನ್ನದ ಸಾವರಿನ್ನನ್ನು ಭಾರತದಲ್ಲೂ 15 ರೂಪಾಯಿಗೆ ಚಲಾವಣೆಯ ನಾಣ್ಯವೆಂದು ಒಪ್ಪಿತು. ನಮ್ಮವರ ಬಾಯಲ್ಲಿ ಅದು ಪವನು. ತೂಕ 7.98 ಗ್ರಾಂ, 22 ಕ್ಯಾರೆಟ್. ಕೊಡಗು, ಕರಾವಳಿಗಳ ಚಿನ್ನದಂಗಡಿಗಳಲ್ಲಿ ಇವತ್ತಿಗೂ ಒಂದು ಪವನು ಎಂದರೆ ಎಂಟು ಗ್ರಾಂ ಎಂದೇ ಲೆಕ್ಕ. ಆ ನಾಣ್ಯ ಚಲಾವಣೆಯಿಂದ ಹೋಗಿ ನೂರು ವರ್ಷವಾಗುತ್ತ ಬಂದರೂ ತೂಕ ಉಳಿದಿದೆ.

ಪವನಿನ ಹಿಂಬದಿಯಲ್ಲಿ ಕುದುರೆ ಏರಿ ಘಟಸರ್ಪವನ್ನು ಕೊಲ್ಲುತ್ತಿರುವ ಸಂತ ಜಾರ್ಜ್. ಇಟಲಿಯ ಪಿಸ್ಟ್ರುಚ್ಚಿ 1817ರಲ್ಲಿ ಕೆತ್ತಿದ ಚಿತ್ರ ಇದು. ಇಂಥ ನಾಣ್ಯವನ್ನು ಕೊಡವರ ಅಕ್ಕಸಾಲಿಗ ಏನು ಮಾಡಿದ ನೋಡಿ. ನಾಣ್ಯದ ಸುತ್ತ ಕೆಂಪು ಕಲ್ಲು ಕೂರಿಸಿದ, ಮೇಲುಗಡೆ ನಾಗನ ಹೆಡೆ ಎತ್ತಿದ, ಕೆಳಗೆ ಮುತ್ತು ಇಳಿಬಿಟ್ಟ. ಕರಿಮಣಿ, ಚಿನ್ನದ ಗುಂಡು ಸೇರಿಸಿ ಪೋಣಿಸಿದರೆ ಅದು ಕರ್ತಮಣಿ ಪತ್ತಾಕ್. ಕೊಡವ ಮದುವೆಯಲ್ಲಿ ತಾಯಿ ಮಗಳಿಗೆ ಕೊಡುವ ಒಡವೆ, ಮುತ್ತೈದೆಯ ಗುರುತು. ಸರ್ಪವನ್ನು ತುಳಿದು ನಿಂತ ಸವಾರನ ತಲೆಯ ಮೇಲೆ ಪೂಜೆಯ ನಾಗರಹೆಡೆ! ಅಕ್ಕಸಾಲಿಗನಿಗೆ ಆ ಸವಾರ ಯಾರೆಂಬುದರ ಹಂಗಿರಲಿಲ್ಲ. ನಾಣ್ಯ ಅಪ್ಪಟ ಚಿನ್ನ, ಮೇಲಿರುವ ಮುದ್ರೆ ಅದಕ್ಕೆ ಜಾಮೀನು, ಅಷ್ಟು ಸಾಕಿತ್ತು. ಉತ್ತರ ಕೊಡಗಿನ ಕನ್ನಡದ ಮನೆಗಳಲ್ಲಿ ಇದೇ ಪವನು ಕಾಸಿನ ಸರಕ್ಕೆ ಸೇರಿತು. ಕೊಂಡಿ ಹಾಕಲು ಅಂಚಿಗೆ ಬೆಸುಗೆ, ಪೋಣಿಸಲು ತಲೆಯ ಮೇಲೆ ತೂತು.

ಒಡವೆಯಾದ ಪವನನ್ನು ಹತ್ತಿರದಿಂದ ನೋಡಿದರೆ ಅದು ಬಂದ ದಾರಿಯೂ ತಿಳಿಯುತ್ತದೆ. ಕುದುರೆಯ ಕಾಲಡಿಯ ನೆಲದಲ್ಲಿ, ಇಸವಿಯ ನಡುಭಾಗಕ್ಕೆ ಸರಿಯಾಗಿ ಕಂಡೂ ಕಾಣದಂಥ ಒಂದು ಅಕ್ಷರ ಇರಬಹುದು. ಎಂ ಇದ್ದರೆ ಮೆಲ್ಬರ್ನ್, ಎಸ್ ಇದ್ದರೆ ಸಿಡ್ನಿ, ಪಿ ಇದ್ದರೆ ಪರ್ತ್, ಏನೂ ಇಲ್ಲದಿದ್ದರೆ ಲಂಡನ್. ಆಸ್ಟ್ರೇಲಿಯಾದ ಗಣಿಯಿಂದ ಹೊರಟ ಚಿನ್ನ ಹೀಗೆ ಮದುವಣಗಿತ್ತಿಯ ಕೊರಳಿಗೆ ಬಂತು. ಐ ಎಂಬ ಅಕ್ಷರ ಕಂಡರೆ ಅದು ಮುಂಬೈ. ಮೊದಲ ಮಹಾಯುದ್ಧದ ಕೊನೆಯಲ್ಲಿ ಲಂಡನ್ ಟಂಕಸಾಲೆಯ ಶಾಖೆಯೊಂದನ್ನು ಮುಂಬೈಯಲ್ಲಿ ತೆರೆದಿದ್ದರು. ಅಲ್ಲಿ ಹೊಡೆದದ್ದು ಸುಮಾರು 13 ಲಕ್ಷ ಪವನು, ಎಲ್ಲವುದರ ಮೇಲೂ 1918 ಎಂದೇ ಇಸವಿ. ಭಾರತದ ನೆಲದಲ್ಲಿ ಬ್ರಿಟಿಷ್ ಆಳ್ವಿಕೆಯಲ್ಲಿ ಸಾವರಿನ್ ತಯಾರಾದದ್ದು ಆ ಒಂದೇ ಸಲ. ಮನೆಯ ಹಳೆಯ ಸರದಲ್ಲಿ ಇಂಥದ್ದೊಂದು ಇದ್ದರೂ ಇರಬಹುದು. ಬೆಸುಗೆ ಆ ಅಕ್ಷರವನ್ನು ನುಂಗದಿದ್ದರೆ ಪುಣ್ಯ.

ಹಂದಿಯಾದ ಆನೆ

1901ರಲ್ಲಿ ರಾಣಿ ತೀರಿಕೊಂಡಳು. 1903ರಿಂದ ಬಂದ ಏಳನೇ ಎಡ್ವರ್ಡನ ರೂಪಾಯಿಯಲ್ಲಿ ಕಿರೀಟವಿಲ್ಲದ ಬೋಳುತಲೆ. ಅವನ ಮಗ ಐದನೇ ಜಾರ್ಜನ ರೂಪಾಯಿ 1911ರಲ್ಲಿ ಹೊರಬಿದ್ದಾಗ ದೇಶಕ್ಕೆ ದೇಶವೇ ಗುಜುಗುಜು ಎಂದಿತು. ಅರಸನ ನಿಲುವಂಗಿಯ ಮೇಲಿನ ಸರದಲ್ಲಿ ಒಂದು ಆನೆ ಇತ್ತು. ಸೊಂಡಿಲು ಗಿಡ್ಡ, ಬಾಲ ಮೊಂಡು. ನೋಡಿದವರ ಕಣ್ಣಿಗೆ ಅದು ಹಂದಿ. ಮುಸ್ಲಿಮರಿಗೆ ಮುಟ್ಟಲಾಗದ್ದು, ಹಿಂದೂಗಳಿಗೂ ಹೇಸಿಗೆಯದ್ದು. ಸರ್ಕಾರ ಗಾಬರಿಬಿದ್ದು ಹೊರಬಂದ ನಾಣ್ಯಗಳನ್ನು ವಾಪಸು ತರಿಸಿತು, 1912ರಿಂದ ಸೊಂಡಿಲು ಉದ್ದ ಮಾಡಿ ಆನೆಯನ್ನು ಆನೆಯಾಗಿಸಿತು. ಕರಗಿಸದೆ ಉಳಿದ 1911ರ ರೂಪಾಯಿಗೆ ಇವತ್ತು ಸಂಗ್ರಾಹಕರು ಇಟ್ಟ ಹೆಸರೇ ಹಂದಿ ರೂಪಾಯಿ. ಜಾರ್ಜನ ರೂಪಾಯಿ ಎಲ್ಲಿ ಹೊಡೆದದ್ದೆಂದು ತಿಳಿಯಲು ಇಸವಿಯ ಕೆಳಗೆ ನೋಡಬೇಕು: ಉಬ್ಬು ಚುಕ್ಕೆ ಇದ್ದರೆ ಮುಂಬೈ, ಇಲ್ಲದಿದ್ದರೆ ಕಲ್ಕತ್ತಾ.

ಮೊದಲ ಮಹಾಯುದ್ಧ ಬಂದು ಬೆಳ್ಳಿಯ ಬೆಲೆ ಏರಿದಾಗ ರೂಪಾಯಿಗಳು ಸಂತೆಯಿಂದ ಮಾಯವಾದವು. ನಾಣ್ಯವಾಗಿ ಒಂದು ರೂಪಾಯಿ, ಕರಗಿಸಿದರೆ ಅದಕ್ಕಿಂತ ಹೆಚ್ಚು ಎಂದಾಗ ಯಾರು ತಾನೇ ಹೊರಗೆ ಬಿಡುತ್ತಾರೆ? 1917ರ ನವೆಂಬರ್ 30ರಂದು ಸರ್ಕಾರ ಒಂದು ರೂಪಾಯಿಯ ಕಾಗದದ ನೋಟು ತಂದಿತು. ಜನ ಕಾಗದವನ್ನು ನಂಬಲಿ ಎಂದು ನೋಟಿನ ಮೇಲೆ ಬೆಳ್ಳಿ ರೂಪಾಯಿಯ ಚಿತ್ರವನ್ನೇ ಅಚ್ಚು ಹಾಕಿತು. ಪವನಿನ ಕಥೆಯೂ ಏರುಪೇರಾಯಿತು. 1920ರಲ್ಲಿ ಅದರ ಕಾನೂನಿನ ಬೆಲೆಯನ್ನು 10 ರೂಪಾಯಿಗೆ ಇಳಿಸಿದರು, 1927ರಲ್ಲಿ ಚಲಾವಣೆಯಿಂದಲೇ ತೆಗೆದರು. 1931ರಲ್ಲಿ ಇಂಗ್ಲೆಂಡು ಚಿನ್ನದ ಮಾನದಂಡ ಕೈಬಿಟ್ಟಿತು, ಚಿನ್ನದ ಬೆಲೆ ಜಿಗಿಯಿತು. ಬೆಳೆಗೆ ಬೆಲೆಯಿಲ್ಲದೆ ಕಂಗೆಟ್ಟ ಆ ವರ್ಷಗಳಲ್ಲಿ ಭಾರತದ ಹಳ್ಳಿಗಳ ಒಡವೆ, ಪವನುಗಳು ಗಂಟುಗಟ್ಟಲೆ ಮುಂಬೈ ಬಂದರಿನಿಂದ ಹೊರದೇಶಕ್ಕೆ ಹೋದವು. ಉಳಿದದ್ದು ಮಾರಲು ಮನಸ್ಸು ಬಾರದ ಒಡವೆ. ಪತ್ತಾಕ್‌ನೊಳಗಿನ ಪವನು ಉಳಿದದ್ದೇ ಅದು ಪತ್ತಾಕ್ ಆಗಿದ್ದರಿಂದ.

ರಾಣಿಗೆ ವಿದಾಯ

ಎರಡನೇ ಮಹಾಯುದ್ಧ ಬೆಳ್ಳಿ ರೂಪಾಯಿಯನ್ನು ಮುಗಿಸಿತು. 1940ರಲ್ಲಿ ಬೆಳ್ಳಿಯ ಪಾಲನ್ನು ಅರ್ಧಕ್ಕೆ ಇಳಿಸಿದರು. ವಿಕ್ಟೋರಿಯಾ ರೂಪಾಯಿಗಳನ್ನು 1941ರಲ್ಲಿ, ಎಡ್ವರ್ಡನವನ್ನು 1942ರಲ್ಲಿ, ಜಾರ್ಜರ ಹಳೆಯ ಅಪ್ಪಟ ರೂಪಾಯಿಗಳನ್ನು 1943ರಲ್ಲಿ ಚಲಾವಣೆಯಿಂದ ಹಿಂತೆಗೆದರು. ಅದೇ 1943ರಲ್ಲಿ ತಾಮ್ರ ಉಳಿಸಲು ನಡುವೆ ದೊಡ್ಡ ತೂತಿರುವ ಕಾಸು ಬಂತು. ತೂತುಕಾಸು ಎಂದ ಕೂಡಲೇ ಈಗಲೂ ಹಿರಿಯರ ಮುಖ ಅರಳುತ್ತದೆ, ಮಕ್ಕಳ ಉಡಿದಾರಕ್ಕೆ ಅದನ್ನು ಕಟ್ಟುವುದು ಸುಲಭವಾಗಿತ್ತು. ಯುದ್ಧದ ಹೊತ್ತಿನಲ್ಲಿ ಅಮೆರಿಕದಿಂದ ಸಾಲ ತಂದ ಬೆಳ್ಳಿಯನ್ನು ತೀರಿಸಲು ಅರ್ಧ ಬೆಳ್ಳಿಯ ರೂಪಾಯಿಗಳನ್ನೂ ಕೂಡಿಸಿ ಕರಗಿಸಿದರು. 1947ರಲ್ಲಿ ಬಂದ ಕೊನೆಯ ಬ್ರಿಟಿಷ್ ರೂಪಾಯಿ ಶುದ್ಧ ನಿಕ್ಕಲ್. ಮುಂದೆ ಆರನೇ ಜಾರ್ಜ್, ಹಿಂದೆ ಹುಲಿ.

ಸ್ವಾತಂತ್ರ್ಯ ಬಂದರೂ ಜಾರ್ಜನ ನಾಣ್ಯ ಒಮ್ಮೆಲೇ ಹೋಗಲಿಲ್ಲ. ಅಶೋಕ ಸ್ತಂಭದ ನಾಣ್ಯಗಳು ಬಂದದ್ದು 1950ರಲ್ಲಿ. ಕೊಡಗು ಆಗ ಪ್ರತ್ಯೇಕ ಸಿ ರಾಜ್ಯ. 1956ರ ನವೆಂಬರ್ 1ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು. ಐದು ತಿಂಗಳಿಗೆ, 1957ರ ಏಪ್ರಿಲ್ 1ರಂದು ನಯಾಪೈಸೆ ಬಂದು ಆಣೆ, ಪೈಗಳ ಲೆಕ್ಕ ಕೊನೆಗೊಂಡಿತು. ಶನಿವಾರಸಂತೆಯ ವ್ಯಾಪಾರಿ ಅರ್ಧ ವರ್ಷದೊಳಗೆ ಹೊಸ ರಾಜ್ಯವನ್ನೂ ಕಂಡ, ರೂಪಾಯಿಗೆ ನೂರು ಪೈಸೆಯ ಹೊಸ ಲೆಕ್ಕವನ್ನೂ ಕಲಿತ.

ಕೂಡಿಡುವವರ ಕಾಲ

ಮನೆಯಲ್ಲಿ ಉಳಿದ ಬೆಳ್ಳಿ ರೂಪಾಯಿ ಆಮೇಲೆ ಪೂಜೆಯ ತಟ್ಟೆ ಸೇರಿತು. ವರಮಹಾಲಕ್ಷ್ಮಿಗೆ, ದೀಪಾವಳಿಯ ಲಕ್ಷ್ಮಿಪೂಜೆಗೆ ಹೊರತೆಗೆದು, ಹುಣಸೆಹಣ್ಣಿನಲ್ಲೋ ವಿಭೂತಿಯಲ್ಲೋ ಉಜ್ಜಿ, ಫಳಫಳ ಹೊಳೆಸಿ, ಅರಿಸಿನ ಕುಂಕುಮ ಹಚ್ಚುವುದು ವಾಡಿಕೆ. ನಾಣ್ಯಶಾಸ್ತ್ರಜ್ಞರು ಇದನ್ನು ಕಂಡರೆ ತಲೆ ಚಚ್ಚಿಕೊಳ್ಳುತ್ತಾರೆ. ಬೆಳ್ಳಿಯ ಮೇಲೆ ಕಾಲ ಕಟ್ಟಿದ ಕಂದುಬಣ್ಣ ಅದಕ್ಕೆ ಕವಚ, ಉಜ್ಜಿದಷ್ಟೂ ಉಬ್ಬಿನ ಗೆರೆಗಳು ಸವೆಯುತ್ತವೆ ಎಂಬುದು ಅವರ ಮಾತು. ಮಾತು ನಿಜ. ಸಂಗ್ರಹಕ್ಕೆಂದು ಇಟ್ಟ ನಾಣ್ಯವನ್ನು ತೊಳೆಯಬಾರದು, ಉಜ್ಜಬಾರದು, ಪ್ಲಾಸ್ಟಿಕ್ಕಿನ ಅಗ್ಗದ ಚೀಲದಲ್ಲಿ ಇಡಬಾರದು, ಅಂಚು ಹಿಡಿದೇ ಎತ್ತಬೇಕು. ಆದರೆ ಪೂಜೆಯಲ್ಲಿ ಸವೆದ ನಾಣ್ಯ ಕೆಟ್ಟ ನಾಣ್ಯವಲ್ಲ. ಇಂಗ್ಲೆಂಡಿನ ರಾಣಿಯನ್ನು ಲಕ್ಷ್ಮಿಯ ಪಕ್ಕ ಕೂರಿಸಿದ ಒಂದು ಸಮಾಜದ ಗುರುತು ಅದು. ಬೆಲೆಪಟ್ಟಿಯಲ್ಲಿ ಈ ಗುರುತಿಗೆ ಅಂಕಣವೇ ಇಲ್ಲ.

ಹಳೆಯ ನಾಣ್ಯದ ಮೇಲಿನ ಆಸೆಯನ್ನೇ ಬಂಡವಾಳ ಮಾಡಿಕೊಂಡವರೂ ಇದ್ದಾರೆ. ಒಂದು ಬದಿಯಲ್ಲಿ ರಾಮನ ಪಟ್ಟಾಭಿಷೇಕವೋ ಹನುಮಂತನೋ, ಇನ್ನೊಂದು ಬದಿಯಲ್ಲಿ ಈಸ್ಟ್ ಇಂಡಿಯಾ ಕಂಪನಿ 1818 ಎಂದಿರುವ ಬಿಲ್ಲೆಗಳು ಜಾತ್ರೆ ಜಾತ್ರೆಗಳಲ್ಲಿ ಸಿಗುತ್ತವೆ. ಕಂಪನಿ ಇಂಥ ನಾಣ್ಯವನ್ನು ಎಂದೂ ಹೊಡೆಸಿಲ್ಲ. ಇವೇ ಬಿಲ್ಲೆಗಳು ಅಕ್ಕಿಕಾಳನ್ನು ಸೆಳೆಯುತ್ತವೆ, ಕೋಟಿಗೆ ಮಾರಾಟವಾಗುತ್ತವೆ ಎಂದು ನಂಬಿಸಿ ನಡೆಸುವ ರೈಸ್ ಪುಲ್ಲಿಂಗ್ ದಂಧೆ ಕರ್ನಾಟಕದ ಪೊಲೀಸ್ ಠಾಣೆಗಳಿಗೆ ಹಳೆಯ ಪರಿಚಯ. ಹಳೆಯ ನಾಣ್ಯ, ನೋಟು ಕೊಳ್ಳುತ್ತೇವೆಂದು ತನ್ನ ಹೆಸರು ಹೇಳಿ ಶುಲ್ಕ ಕೇಳುವವರನ್ನು ನಂಬಬೇಡಿ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಪ್ರಕಟಣೆ ಹೊರಡಿಸಬೇಕಾಯಿತು. ನಿಜವಾದ ವಿಕ್ಟೋರಿಯಾ ರೂಪಾಯಿಗಳಲ್ಲಿ ಹೆಚ್ಚಿನವು ಕೋಟಿಗಟ್ಟಲೆ ಹೊಡೆದಂಥವು. ಅಪರೂಪದ ಇಸವಿ, ಟಂಕಸಾಲೆಯ ಗುರುತು ಇಲ್ಲದಿದ್ದರೆ ಬೆಳ್ಳಿಯ ಬೆಲೆಗಿಂತ ಬಹಳವೇನೂ ಮೇಲೆ ಹೋಗುವುದಿಲ್ಲ.

ಕಾನೂನು ಗೊತ್ತಿರುವುದೂ ಒಳ್ಳೆಯದು. ತೋಟ ಅಗೆಯುವಾಗಲೋ ಹಳೆಯ ಗೋಡೆ ಕೆಡವುವಾಗಲೋ ಗಂಟು ಸಿಕ್ಕರೆ ಅದು ಸಿಕ್ಕವನ ಸ್ವತ್ತಲ್ಲ. ಹತ್ತು ರೂಪಾಯಿಗೆ ಮೀರಿದ ನಿಧಿಯನ್ನು ಜಿಲ್ಲಾಧಿಕಾರಿಗೆ ತಿಳಿಸಲೇಬೇಕೆಂದು ಬ್ರಿಟಿಷರೇ 1878ರಲ್ಲಿ ಕಾಯ್ದೆ ಮಾಡಿದ್ದರು. ನೂರು ವರ್ಷ ದಾಟಿದ ನಾಣ್ಯ 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ಪುರಾವಸ್ತು, ದೇಶದ ಹೊರಗೆ ಒಯ್ಯುವಂತಿಲ್ಲ. 1918ರ ಪವನು ಈಗ ಆ ಸಾಲಿಗೆ ಸೇರಿದೆ.

ನಮ್ಮ ನಾಣ್ಯಶಾಸ್ತ್ರಕ್ಕೆ ಒಳ್ಳೆಯ ಬುನಾದಿ ಇದೆ. ಎಂ.ಎಚ್. ಕೃಷ್ಣ ಅವರಂಥ ಪುರಾತತ್ತ್ವಜ್ಞರು, ಕರ್ನಾಟಕದ ನಾಣ್ಯಗಳ ಬಗ್ಗೆ 1975ರಲ್ಲಿ ಪುಸ್ತಕ ಬರೆದ ಎ.ವಿ. ನರಸಿಂಹಮೂರ್ತಿ ಅವರು ಕದಂಬರಿಂದ ಒಡೆಯರವರೆಗಿನ ಟಂಕಗಳನ್ನು ಓದಿಕೊಟ್ಟಿದ್ದಾರೆ. ಬ್ರಿಟಿಷ್ ರೂಪಾಯಿಯ ವಿಷಯದಲ್ಲಿ ಮಾತ್ರ ಯಾವ ಟಂಕಸಾಲೆ, ಯಾವ ಇಸವಿ, ಯಾವ ಚುಕ್ಕೆ ಎಂಬ ಪಟ್ಟಿಯನ್ನು ಹೊರಗಿನವರು ಆಗಲೇ ಮುಗಿಸಿಬಿಟ್ಟಿದ್ದಾರೆ. ಅದಕ್ಕೆ ನಾವು ಸೇರಿಸುವುದು ಕಡಿಮೆ. ನಾವೇ ಬರೆಯಬೇಕಾದದ್ದು ಬೇರೆ ಇದೆ: ಈ ಪವನು ಯಾವ ಒಡವೆಯಲ್ಲಿತ್ತು, ಯಾರ ಮದುವೆಗೆ ಬಂತು, ಈ ರೂಪಾಯಿ ಯಾವ ದೇವರ ಮುಡಿಪು, ಯಾವ ಅಂಗಡಿಯ ತಕ್ಕಡಿಯ ಬಟ್ಟು. ಮನೆಯ ಹಿರಿಯರಿಗೆ ಇನ್ನೂ ನೆನಪಿರುವಾಗಲೇ ಒಂದು ಚೀಟಿಯಲ್ಲಿ ಬರೆದು ನಾಣ್ಯದ ಜೊತೆ ಇಟ್ಟರೆ ಸಾಕು. ಬೆಸುಗೆಯ ಕಲೆ ಇರುವ ಪವನಿನ ಜೊತೆ ಅಂಥ ಚೀಟಿ ಇದ್ದರೆ ಅದು ಟಂಕಸಾಲೆಯಿಂದ ಈಗ ತಾನೇ ಬಂದಂತಿರುವ ನಾಣ್ಯಕ್ಕಿಂತ ಹೆಚ್ಚು ವಿಷಯ ತಿಳಿಸುತ್ತದೆ; ಚೀಟಿ ಇಲ್ಲದೆ ಅಂಗಡಿಗೆ ಹೋದರೆ ಅದೇ ಪವನನ್ನು ಎಂಟು ಗ್ರಾಂ ಎಂದು ತೂಗಿ ಕರಗಿಸುತ್ತಾರೆ.